ಹದಿನಾಲ್ಕರ ಸ್ಪ್ಯಾನರ್

ಅಪ್ಪಾ,

ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ. ಮಣಿಕಟ್ಟು ಬದನೇಕಾಯಿ ಥರ ಊದಿದೆ, ಬೆರಳು ಮಡಚೋಕೆ ಆಗ್ತಿಲ್ಲ. ಡಾಕ್ಟರ್ ಕೇಳಿದ್ರೆ ಬಿದ್ದೆ ಅಂತ ಹೇಳ್ತಾಳಂತೆ. ನಾನು ನಿಜಾನೇ ಹೇಳ್ತೀನಿ. ಹೊಸ ಬಣ್ಣ ಹೊಡೆದ ಬಾನೆಟ್ ಮೇಲೆ ಟೀ ಲೋಟ ಇಟ್ಟಳು, ಅದಕ್ಕೆ ಗಂಡ ವೀಲ್ ಸ್ಪ್ಯಾನರ್ ತಗೊಂಡು ಬಾರಿಸಿದ.

ಊಟ ಒಲೆ ಮೇಲಿದೆ. ನೀನೇ ಬಡಿಸ್ಕೋ, ಮುರಿದಿರೋದು ನಿನ್ನ ಕೈಯಲ್ಲ.

ಲೋಟದ ಗುರುತನ್ನ ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿದೆ, ಹೋಯ್ತು. ಐದು ನಿಮಿಷದ ಕೆಲಸ. ನೀನು ಪೇಂಟ್ ತರೋಕೆ ಹೋಗಿದ್ದು ದಂಡ.

ಬರೀ ಜ್ಯಾಕ್ ನಂಬಿ ಪಿಕಪ್ ಕೆಳಗೆ ನುಗ್ಗಬೇಡ ಅಂತ ಎಷ್ಟು ಸಲ ಬಾಯಿ ಬಡ್ಕೊಂಡಿದ್ದೀನಿ? ನಿನ್ನೆ ನೀನು ಅಮ್ಮನಿಗೆ ಹೊಡೆದು, ಏನೂ ಆಗೇ ಇಲ್ಲ ಅನ್ನೋ ಹಾಗೆ ಕೆಳಗೆ ತೂರಿದೆ. ಕೈ ಮಾತ್ರ ಆಚೆ ಚಾಚಿ "ಹದಿನಾಲ್ಕರ ಸ್ಪ್ಯಾನರ್ ಕೊಡೇ" ಅಂದೆ. ಆಗ ನನ್ನ ಕೈ ಜ್ಯಾಕಿನ ಹಿಡಿ ಮೇಲಿತ್ತು. ಅರ್ಧ ಸುತ್ತು ತಿರುಗಿಸಿದ್ರೆ ಇಡೀ ಗಾಡಿ ನಿನ್ನ ಎದೆ ಮೇಲೆ ಕೂರ್ತಿತ್ತು. ಒಳಗೆ ಅಮ್ಮ ನರಳ್ತಿದ್ಲು. ನಾನು ಹಿಡಿ ಬಿಡದೆ ನಿಂತೇ ಇದ್ದೆ. "ಎಲ್ಲಿ ಸತ್ತೆ?" ಅಂತ ನೀನು ಕೂಗಿದೆ. ನಾನು ಸ್ಪ್ಯಾನರ್ ಕೊಟ್ಟೆ.

ಈಗ ಗಾಡಿ ಕೆಳಗೆ ನಾಲ್ಕೂ ಕಡೆ ಆಸರೆಗೆ ಸ್ಟ್ಯಾಂಡ್ ಕೊಟ್ಟಿದ್ದೀನಿ. ಜೋರಾಗಿ ಅಲ್ಲಾಡಿಸಿ ನೋಡಿದೆ, ಜಪ್ಪಯ್ಯ ಅಂದ್ರೂ ಕದಲಲ್ಲ. ಧೈರ್ಯವಾಗಿ ಕೆಳಗೆ ಹೋಗು.

ಜ್ಯಾಕಿನ ಹಿಡಿ ಹುಡುಕಬೇಡ. ದಾರೀಲಿ ಮೋರಿಗೆ ಎಸೀತೀನಿ. ನೀನು ಇನ್ನೊಂದು ಸಲ ಕೈ ಚಾಚಿದಾಗ ಸ್ಪ್ಯಾನರೇ ಕೊಡ್ತೀನಿ ಅನ್ನೋ ನಂಬಿಕೆ ನನಗಿಲ್ಲ.