ಮೇಷ್ಟರ ತಲೆಗೆ ತೆಂಗಿನ ಹಾಲು ಎರೆದವಳ ಪರವಾಗಿ

ಕ್ಲಬ್ಬಿನ ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ಮಾನ್ಯರೇ,

ನನ್ನ ಹೆಂಡತಿ ಅನ್ನಾ ಈ ಸೀಸನ್ ಮುಗಿಯುವವರೆಗೆ ನಮ್ಮ ಫುಟ್‌ಬಾಲ್ ಮೈದಾನಕ್ಕೆ ಕಾಲಿಡಬಾರದೆಂದು ನೀವು ನಿಷೇಧ ಹೇರಿದ್ದೀರಿ. ಕಾರಣ, ನಿಮ್ಮದೇ ಮಾತಿನಲ್ಲಿ: ‘ಕ್ಲಬ್ಬಿನ ಸಿಬ್ಬಂದಿಯೊಬ್ಬರ ಮೇಲೆ ಗುರುತಿಸಲಾಗದ ಬಿಳಿ ದ್ರವ ಎರಚಿದ್ದು ಹಾಗೂ ಪರಭಾಷೆಯಲ್ಲಿ ನಿಂದನಾತ್ಮಕ ಘೋಷಣೆ ಕೂಗಿದ್ದು.’ ಆ ಸಿಬ್ಬಂದಿ ಎಂದರೆ ನಮ್ಮ ಕೋಚ್. ಅದೇ ವಾರ ನೀವು ಮನೆಗೆ ಕಳಿಸಿದವರು. ಆ ದ್ರವ ಎಂದರೆ ತೆಂಗಿನ ಹಾಲು. ಆ ಘೋಷಣೆ ಎಂದರೆ ಮದುವೆಯ ಹಾಡು. ಉಳಿದಂತೆ ನಿಮ್ಮ ಆದೇಶದಲ್ಲಿ ತಪ್ಪೇನೂ ಇಲ್ಲ, ದಿನಾಂಕ ಸರಿಯಾಗಿದೆ.

ಇಂಗ್ಲಿಷಿನಲ್ಲಿ ನಿಮಗೆ ಎರಡು ಸಲ ಬರೆದೆ. ಎರಡಕ್ಕೂ ಕಳಿಸಿದ ಮರುಕ್ಷಣವೇ ಒಂದೇ ಉತ್ತರ: ‘ನಿಮ್ಮ ಅಭಿಮಾನ ನಮಗೆ ಅಮೂಲ್ಯ.’ ಓದದೆಯೇ ಉತ್ತರಿಸುವ ಈ ವೇಗ ನಮ್ಮ ಫಾರ್ವರ್ಡ್‌ಗಳಿಗೆ ಇದ್ದಿದ್ದರೆ ಕಪ್ ಎಂದೋ ನಮ್ಮದಾಗುತ್ತಿತ್ತು. ಆದ್ದರಿಂದ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ಲಂಡನ್ನಿನ ಟೂಟಿಂಗ್‌ನಲ್ಲಿ ತೆಂಗಿನಕಾಯಿ, ಕರಿಬೇವು, ಕುಚ್ಚಲಕ್ಕಿ ಮಾರಿ ಅಂಗಡಿ ಕಟ್ಟಿದವನು ನಾನು. ಲಾಭ ನೋಡದೆ ಬಾಯಿ ತೆರೆಯುವ ಅಭ್ಯಾಸ ನನಗಿಲ್ಲ. ಪೂರ್ವ ಗ್ಯಾಲರಿಯ ಮೂಲೆಯಲ್ಲಿ ಕೂರುವ ನಮ್ಮವರೆಲ್ಲ ಇದನ್ನು ಓದುತ್ತಾರೆ, ಅದು ಮೊದಲ ಲಾಭ. ನಿಮಗೆ ಓದಬೇಕೆನಿಸಿದರೆ ಒಬ್ಬ ಭಾಷಾಂತರಕಾರನನ್ನು ಹುಡುಕಬೇಕಾಗುತ್ತದೆ, ಅದು ಎರಡನೆಯದು. ಅನ್ನಾಳ ಹಾಡನ್ನು ನಿಂದನೆಯೆಂದು ತೀರ್ಮಾನಿಸುವ ಮೊದಲು ಹುಡುಕಬೇಕಿದ್ದ ಆ ಮನುಷ್ಯನನ್ನು ಈಗಲಾದರೂ ಹುಡುಕಿ.

ನಮ್ಮ ಮೂಲೆಯಲ್ಲಿ ಕೋಚನ್ನು ‘ಮೇಷ್ಟ್ರು’ ಎನ್ನುತ್ತೇವೆ. ಹಾಗೆ ಕರೆಯಲು ಶುರುಮಾಡಿದವನು ಮೈಸೂರಿನ ವಾಸು; ಕ್ರೋಯ್ಡನ್‌ನಲ್ಲಿ ಮನೆ, ಕಂಪ್ಯೂಟರ್ ಕೆಲಸ, ನನ್ನ ಬಲಗಡೆಯ ಸೀಟು. ಪಾರ್ಕಿನಲ್ಲಿ ನಾಯಿ ಓಡಿಸುವವರ ನಡುವೆ ಜಾಗ ಮಾಡಿಕೊಂಡು ಆಡುತ್ತಿದ್ದ ತಂಡವನ್ನು ಮೇಷ್ಟ್ರು ಲೀಗಿಗೆ ತಂದರು. ದೊಡ್ಡ ಕ್ಲಬ್ಬುಗಳು ಕರೆದವು, ಹೋಗಲಿಲ್ಲ. ನೀವು ಈ ಕ್ಲಬ್ಬನ್ನು ಕೊಂಡಾಗ ನಿಮಗೆ ಸಿಕ್ಕಿದ್ದಾದರೂ ಏನು? ತಗಡಿನ ಗ್ಯಾಲರಿ, ಸೋರುವ ಶೌಚಾಲಯ ಮತ್ತು ಮೇಷ್ಟ್ರು. ಮೂರರಲ್ಲಿ ನೀವು ಬದಲಾಯಿಸಿದ್ದು ಒಂದನ್ನು ಮಾತ್ರ. ಶೌಚಾಲಯ ಇನ್ನೂ ಸೋರುತ್ತಿದೆ.

ಅದೊಂದು ಗುರುವಾರ ಬೆಳಿಗ್ಗೆ ನಿಮ್ಮ ವೆಬ್‌ಸೈಟಿನಲ್ಲಿ ನಾಲ್ಕು ಸಾಲು ಕಾಣಿಸಿಕೊಂಡವು. ‘ಹಿಂದಿನ ರಾತ್ರಿ ನಡೆದ ಸೌಹಾರ್ದ ಮಾತುಕತೆಯಲ್ಲಿ, ಪರಸ್ಪರ ಒಪ್ಪಿಗೆಯ ಮೇರೆಗೆ’ ಕೋಚ್ ನಿರ್ಗಮಿಸುತ್ತಿದ್ದಾರೆ, ಶನಿವಾರದ ಪಂದ್ಯವೇ ಕೊನೆಯದು ಎಂದು. ಪರಸ್ಪರ! ಶನಿವಾರ ಮೇಷ್ಟ್ರು ಕಾರು ನಿಲ್ಲಿಸಲು ಹೋದರೆ ಅವರ ಜಾಗದಲ್ಲಿ, ನೆಲದ ಮೇಲೆ, ಹೊಸ ಕೋಚಿನ ಹೆಸರು ಬಣ್ಣದಲ್ಲಿ ಬರೆದಾಗಿತ್ತು. ನಾನೇ ಬಗ್ಗಿ ಬೆರಳಿನಿಂದ ಮುಟ್ಟಿ ನೋಡಿದೆ. ಕಲ್ಲಿನಂತೆ ಒಣಗಿತ್ತು, ಮೇಲೆ ಟೈರಿನ ಗುರುತೂ ಬಿದ್ದಿತ್ತು. ಆ ವಾರವಿಡೀ ಲಂಡನ್ನಿನಲ್ಲಿ ಮಳೆ ಬಿಟ್ಟಿರಲಿಲ್ಲ. ಇದೇ ಊರಿನ ಚಳಿಗಾಲದಲ್ಲಿ ಅಂಗಡಿಯ ಶಟರಿಗೆ ನನ್ನ ಕೈಯಾರೆ ಬಣ್ಣ ಹೊಡೆದವನು ನಾನು ಸ್ವಾಮಿ. ಬುಧವಾರ ರಾತ್ರಿಯ ಸೌಹಾರ್ದ, ಶನಿವಾರಕ್ಕೆ ಅಷ್ಟು ಒಣಗುವುದಿಲ್ಲ.

ಸುದ್ದಿ ತಿಳಿದು ಅಭಿಮಾನಿಗಳು ಏನು ಮಾಡಿದರು ಎಂದು ಪಂದ್ಯ ನೋಡಲು ನೀವು ಕೂರುವ ಗಾಜಿನ ಕೋಣೆಗೆ ಕಂಡಿರಲಾರದು. ವಾಸು ಫೋನ್ ಮಾಡಿದ.

“ಸಾರ್, ನೋಡಿದ್ರಾ? ಮೇಷ್ಟ್ರನ್ನ ತೆಗೆದ್ಬಿಟ್ರು ಸಾರ್!”

“ನೀನು ಎಲ್ಲಿದ್ದಿ ಮಾರಾಯ?”

“ಮೀಟಿಂಗಲ್ಲಿದೀನಿ. ಕ್ಯಾಮೆರಾ ಆಫ್ ಮಾಡ್ಕೊಂಡು ಅಳ್ತಾ ಇದೀನಿ.”

ಸಂಜೆ ಹೋಗಿ ನೋಡಿದರೆ ಗೇಟಿನ ಕಂಬಿಗಳ ತುಂಬ ಸ್ಕಾರ್ಫುಗಳು, ಹೂಗುಚ್ಛಗಳು. ಯಾರೋ ಸತ್ತಿದ್ದಾರೆ ಎನ್ನುವ ಹಾಗೆ. ನಮ್ಮ ಹಿಂದಿನ ಸಾಲಿನ ಇಂಗ್ಲಿಷ್ ಮುದುಕರೊಬ್ಬರು ತಮ್ಮ ಸೀಸನ್ನಿನ ಪ್ರವೇಶದ ಪ್ಲಾಸ್ಟಿಕ್ ಕಾರ್ಡನ್ನು ಮುರಿಯಲು ಹೆಣಗಿದರು. ಅದು ಬಗ್ಗಿತೇ ಹೊರತು ಮುರಿಯಲಿಲ್ಲ. ಅಂಗಡಿಯವನಲ್ಲವೇ, ಕತ್ತರಿ ಇದೆಯಾ ಎಂದು ನನ್ನನ್ನು ಕೇಳಿದರು. ಕೊಟ್ಟೆ. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತಿದ್ದು, ಕತ್ತರಿಯನ್ನು ವಾಪಸು ಕೊಟ್ಟು, ಬಗ್ಗಿದ ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಮರುದಿನ ಬೆಳಕು ಹರಿಯುವ ಮೊದಲೇ ನಿಮ್ಮವರು ಆ ಹೂವು, ಸ್ಕಾರ್ಫುಗಳನ್ನೆಲ್ಲ ಕಪ್ಪು ಚೀಲಗಳಿಗೆ ತುಂಬಿ ಸಾಗಿಸಿದರು. ಅದನ್ನು ಕೇಳಿ ನಾನು ಅಂಗಡಿಯ ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿದೆ: ‘ಕ್ಲಬ್ಬಿನ ಆಡಳಿತ ಮಂಡಳಿಗೆ ಇಲ್ಲಿ ತೆಂಗಿನಕಾಯಿ ದೊರೆಯುವುದಿಲ್ಲ.’ ನಿಮ್ಮಲ್ಲಿ ಯಾರೂ ಎಂದೂ ತೆಂಗಿನಕಾಯಿ ಕೊಂಡವರಲ್ಲ ಎಂಬುದು ಬೇರೆ ಮಾತು. ಸೇಡನ್ನು ಎಲ್ಲಿಂದಲಾದರೂ ಶುರುಮಾಡಬೇಕಲ್ಲ.

‘ಕೋಚ್ ಬದಲಾಗುವುದು ಆಟದಲ್ಲಿ ಸಹಜ’ ಎಂದು ನೀವು ಪತ್ರಕರ್ತರಿಗೆ ಹೇಳಿದಿರಿ. ಒಪ್ಪುತ್ತೇನೆ. ಮನುಷ್ಯರನ್ನು ಬೇಡ ಎನ್ನುವ ಕೆಲಸ ಎಲ್ಲ ದಂಧೆಯಲ್ಲೂ ಇದೆ, ನಾನೂ ಮಾಡಿದ್ದೇನೆ. ಆದರೆ ಅದನ್ನು ಮಾಡುವ ರೀತಿ ಎಂಬುದೊಂದಿದೆ, ಅದನ್ನು ನೀವು ಕಲಿಯಬೇಕಿದ್ದದ್ದು ನೀವು ಹೊರಹಾಕಿದವರಿಂದಲೇ. ನನ್ನ ಮಗ ಡೀನ್ ಹದಿನಾಲ್ಕರ ಪ್ರಾಯದಲ್ಲಿ ನಿಮ್ಮ ಕಿರಿಯರ ತಂಡದ ಆಯ್ಕೆಗೆ ಹೋಗಿದ್ದ. ಮನೆಯಲ್ಲಿ ನಾವಾಗಲೇ ಅವನನ್ನು ಇಂಗ್ಲೆಂಡಿನ ತಂಡಕ್ಕೆ ಸೇರಿಸಿಯಾಗಿತ್ತು. ಒಂದು ಸಂಜೆ ಮೇಷ್ಟ್ರೇ ಅಂಗಡಿಗೆ ಬಂದರು. ಏನು ಕೊಳ್ಳಬೇಕೆಂದು ತಿಳಿಯದೆ ಒಂದು ತೆಂಗಿನಕಾಯಿ ಕೊಂಡರು. ಆಮೇಲೆ ಡೀನ್‌ನನ್ನು ಕರೆದು, ಅಕ್ಕಿ ಮೂಟೆಯ ಮೇಲೆ ಅವನ ಪಕ್ಕದಲ್ಲೇ ಕುಳಿತು ಹೇಳಿದರು: “ನೀನು ಆಟಗಾರ ಆಗುವುದಿಲ್ಲ, ಮಗು. ನಿನಗೆ ಕಾಗದ ಕಳಿಸಬಹುದಿತ್ತು. ಕಾಗದದ ಮೇಲೆ ನೀನು ಸಿಟ್ಟು ಮಾಡುವುದು ಹೇಗೆ? ಸಿಟ್ಟು ಮಾಡು, ನಾನು ಇಲ್ಲಿದ್ದೇನೆ.”

ಡೀನ್ ಸಿಟ್ಟು ಮಾಡಿದ. ಅತ್ತ. ಆ ಮಹಾನುಭಾವರ ಮೇಲೆ ಒಂದು ಹಿಡಿ ಕುಚ್ಚಲಕ್ಕಿಯನ್ನೂ ಎಸೆದ. ಅವರು ಕೋಟಿನಿಂದ ಅಕ್ಕಿ ಕೊಡವಿಕೊಂಡು, ಅವನು ಸುಮ್ಮನಾಗುವವರೆಗೂ ಕುಳಿತಿದ್ದು ಹೋದರು. ಇಂದು ಡೀನ್ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕ. ತಂಡಕ್ಕೆ ಆಯ್ಕೆಯಾಗದ ಮಕ್ಕಳ ಮನೆಗೆ ತಾನೇ ಹೋಗಿ ಹೇಳುತ್ತಾನೆ. ಅಕ್ಕಿ ಮಾರುವವನ ಮಗನಿಗೆ ಸಿಕ್ಕ ಮರ್ಯಾದೆ, ಈ ಕ್ಲಬ್ಬಿಗೆ ಆಯಸ್ಸು ಕೊಟ್ಟವರಿಗೆ ನಿಮ್ಮಿಂದ ಸಿಗಲಿಲ್ಲವೇಕೆ? ಎದುರಿಗೆ ಕೂರಲು ನಿಮಗೇನು ಭಯವಿತ್ತು? ಅಕ್ಕಿಯೇ?

ಆ ಸಂಜೆಯಿಂದ ಅನ್ನಾಳಿಗೆ ಮೇಷ್ಟ್ರು ಮನೆಯವರಾದರು. ಫುಟ್‌ಬಾಲಿನ ನಿಯಮ ಅವಳಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಆದರೂ ನಿಮ್ಮ ನಿಷೇಧದವರೆಗೆ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಕೊನೆಯ ಪಂದ್ಯದ ಬೆಳಿಗ್ಗೆ ಅವಳು ಅಂಗಡಿಗೆ ಬಂದು ನಿಂತಳು.

“ಎಂತ ನೋಡ್ತಾ ಇದ್ದೀರಿ? ಒಳ್ಳೆಯ ಒಂದು ಕಾಯಿ ಒಡೆದು ಕೊಡಿ. ಮೇಷ್ಟ್ರಿಗೆ ರೋಸ್ ಮಾಡ್ಲಿಕ್ಕುಂಟು.”

“ರೋಸಾ? ಈ ಪ್ರಾಯದಲ್ಲಿ ಅವರಿಗೆ ಮದುವೆಯಾ?”

“ಒಂದು ಮನೆ ಬಿಟ್ಟು ಇನ್ನೊಂದು ಮನೆಗೆ ಹೋಗುವವರನ್ನು ಒಣ ತಲೆಯಲ್ಲಿ ಕಳಿಸ್ಲಿಕ್ಕೆ ಆಗ್ತದಾ?”

ಇಲ್ಲಿ ನಿಮ್ಮ ಭಾಷಾಂತರಕಾರನಿಗೆ ಒಂದು ವಿವರಣೆ ಬೇಕಾದೀತು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಕ್ಕಳ ತಲೆಗೆ ತೆಂಗಿನ ಹಾಲು ಎರೆಯುತ್ತಾರೆ, ಅದು ರೋಸ್. ಆಗ ಹೆಂಗಸರು ಅಲ್ಲೇ ಕಟ್ಟಿ ಹಾಡುವ ಪದಗಳು ವೊವಿಯೊ. ಹರಸುವುದೂ ಅದರಲ್ಲೇ, ಕಾಲೆಳೆಯುವುದೂ ಅದರಲ್ಲೇ. ಫುಟ್‌ಬಾಲ್ ಕೋಚಿಗೆ ರೋಸ್ ಮಾಡಿದ್ದು ಜಗತ್ತಿನಲ್ಲಿ ಇದೇ ಮೊದಲಿರಬಹುದು. ಡೀನ್ ಬೇಡವೆಂದ: “ಮಮ್ಮೀ, ಪ್ಲೀಸ್, ನಾಟ್ ಅಟ್ ದ ಫುಟ್‌ಬಾಲ್!” ಅವಳು ಹಾಲನ್ನು ಫ್ಲಾಸ್ಕಿಗೆ ತುಂಬಿಕೊಂಡು ಹೊರಟೇಬಿಟ್ಟಳು. ಗೇಟಿನಲ್ಲಿ ಚೀಲ ತಪಾಸಣೆ ಮಾಡಿದ ನಿಮ್ಮ ಹುಡುಗನೇ ಮುಚ್ಚಳ ತೆಗೆದು ಮೂಸಿ ನೋಡಿದ. “ಕೋಕೊನಟ್ ಮಿಲ್ಕ್, ಮೈ ಡಿಯರ್. ಫ್ರೆಶ್,” ಎಂದಳು ಅನ್ನಾ. “ಲವ್ಲಿ,” ಎಂದು ಅವನು ಒಳಗೆ ಬಿಟ್ಟ. ಗೇಟಿನಲ್ಲಿ ಲವ್ಲಿಯಾಗಿದ್ದ ಹಾಲು ನಿಮ್ಮ ಕಚೇರಿ ತಲುಪುವಷ್ಟರಲ್ಲಿ ‘ಗುರುತಿಸಲಾಗದ ದ್ರವ’ ಆದದ್ದು ಯಾವ ಪವಾಡದಿಂದ?

ಪಂದ್ಯ ಮುಗಿದ ಮೇಲೆ ಮೇಷ್ಟ್ರು ಮೈದಾನ ಸುತ್ತಿ ಕೈಬೀಸುತ್ತ ನಮ್ಮ ಮೂಲೆಗೆ ಬಂದರು. ಅನ್ನಾ ಕಂಬಿಯಾಚೆ ಬಾಗಿ, ಫ್ಲಾಸ್ಕ್ ತೋರಿಸಿ, ತಲೆ ಬಗ್ಗಿಸಿ ಎಂದು ಸನ್ನೆ ಮಾಡಿದಳು.

“ನೋವಾಗುತ್ತದೆಯೇ?” ಎಂದು ಕೇಳಿದರು.

“ನೋ, ನೋ. ಗುಡ್ ಫಾರ್ ಹೇರ್.”

“ನೀವು ಸ್ವಲ್ಪ ತಡ ಮಾಡಿದಿರಿ,” ಎಂದು ನಕ್ಕು ಬೋಳುತಲೆಯನ್ನು ಒಡ್ಡಿದರು. ಅವಳು ಹಣೆಗೆ ಶಿಲುಬೆಯ ಗುರುತು ಹಾಕಿ ಹಾಲು ಎರೆದಳು, ವೊವಿಯೊ ಎತ್ತಿಕೊಂಡಳು. ‘ಪಾರ್ಕಿನ ಕೆಸರಲ್ಲಿ ನಮಗೆ ನೀವು ಸಿಕ್ಕಿದಿರಿ, ಹೋದ ಮನೆಯಲ್ಲಿ ನಿಮಗೆ ಒಣಗಿದ ಬೂಟು ಸಿಗಲಿ’ ಎಂಬುದು ಅದರ ಅರ್ಥ. ಇದು ನಿಂದನೆಯೇ? ನಮ್ಮ ಮೂಲೆಯಲ್ಲಿದ್ದ ಚರ್ಚಿನ ಹೆಂಗಸರು ದನಿಗೂಡಿಸಿದರು, ಪದ ತಿಳಿಯದೆ ವಾಸು ಕೂಡಿಸಿದ, ಕಾರ್ಡು ಬಗ್ಗಿಸಿದ ಮುದುಕರೂ ಕೂಡಿಸಿದರು. ಅಷ್ಟರಲ್ಲಿ ನಿಮ್ಮ ಧ್ವನಿವರ್ಧಕಗಳು ಇದ್ದಷ್ಟೂ ಗಂಟಲಿನಲ್ಲಿ ಅರಚತೊಡಗಿದವು. ನಿಮ್ಮ ಗಾಜಿನ ಕೋಣೆಯ ಪರದೆ ಎಳೆದಿತ್ತು. ಮೇಷ್ಟ್ರು ಮಾತ್ರ ಹಾಡು ಮುಗಿಯುವವರೆಗೆ ತಲೆ ಎತ್ತಲಿಲ್ಲ. ಅವರ ಮುಖದಲ್ಲಿ ಇಳಿಯುತ್ತಿದ್ದುದರಲ್ಲಿ ಹಾಲು ಎಷ್ಟು, ಬೇರೆಯದು ಎಷ್ಟು ಎಂದು ಅಳೆಯಲು ನನ್ನಿಂದಲೂ ಆಗಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮೇಷ್ಟ್ರನ್ನು ನದಿಯಾಚೆಯ, ಇಲ್ಫರ್ಡ್ ಕಡೆಯ ಕ್ಲಬ್ಬು ಕರೆದುಕೊಂಡಿದೆ. ಬರುವ ತಿಂಗಳ ಮೊದಲ ಶನಿವಾರ ಅವರು ಆ ತಂಡದೊಂದಿಗೆ ನಮ್ಮದೇ ಮೈದಾನಕ್ಕೆ ಬರುತ್ತಿದ್ದಾರೆ. ಅನ್ನಾ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: “ರೋಸ್ ಮಾಡಿದವಳು ಮದುವೆಗೆ ಹೋಗುವುದು ಬೇಡವಾ?” ಆ ಪ್ರಶ್ನೆಯನ್ನು ಹಾಗೆಯೇ ನಿಮಗೆ ದಾಟಿಸುತ್ತಿದ್ದೇನೆ. ಉತ್ತರ ನಿಮ್ಮಲ್ಲಿದೆ.

ಆ ಶನಿವಾರದೊಳಗೆ ನಿಷೇಧ ತೆಗೆಯಿರಿ. ಮೇಷ್ಟ್ರನ್ನು ಕಳಿಸಿದ ಅದೇ ವೆಬ್‌ಸೈಟಿನಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ಅದು ತೆಂಗಿನ ಹಾಲಾಗಿತ್ತು ಎಂದು ಪ್ರಕಟಿಸಿ. ಆಮೇಲೆ ಟೂಟಿಂಗ್‌ಗೆ ಬಂದು, ಅನ್ನಾಳ ಎದುರು ಅಕ್ಕಿ ಮೂಟೆಯ ಮೇಲೆ ಕುಳಿತು ತಪ್ಪಾಯಿತು ಎನ್ನಿ. ಹಳೆಯ ಕೋಟು ಹಾಕಿಕೊಂಡು ಬರುವುದು ಕ್ಷೇಮ.

ಇಲ್ಲವೆಂದರೂ ನಮಗೆ ಬೇಸರವಿಲ್ಲ. ಗ್ಯಾಲರಿಯ ಹಿಂದಿನ ಕೌನ್ಸಿಲ್ ಫ್ಲ್ಯಾಟಿನಲ್ಲಿ ಅನ್ನಾಳ ತಂಗಿಯ ಮಗಳು ವೆನಿಶಾ ಇದ್ದಾಳೆ. ಅವಳ ಬಾಲ್ಕನಿಗೆ ಸರಿಯಾಗಿ ಎದುರು ನಿಮ್ಮ ಗಾಜಿನ ಕೋಣೆ. ನಿಮ್ಮ ನಿಷೇಧ ನಿಮ್ಮ ಗೋಡೆಯವರೆಗೆ ಮಾತ್ರ. ಚರ್ಚಿನ ಗಾಯನ ಬಳಗದ ಹೆಂಗಸರೆಲ್ಲ ಅಂದು ಬಿಡುವು ಮಾಡಿಕೊಂಡಿದ್ದಾರೆ. ವಾಸು ಧ್ವನಿವರ್ಧಕ ಹೊಂದಿಸುತ್ತಿದ್ದಾನೆ. ನಿಜ ಹೇಳಲೇ? ನೀವು ಈ ಪತ್ರಕ್ಕೆ ಜಗ್ಗದಿರಲಿ ಎಂದು ನಮ್ಮ ಮೂಲೆಯಲ್ಲಿ ಕೆಲವರು ಹರಕೆ ಹೊತ್ತಿದ್ದಾರೆ. ನಾನೂ ಒಂದು ಮೇಣದಬತ್ತಿ ಹಚ್ಚಿ ಬಂದಿದ್ದೇನೆ.

ರೋಸ್ ಎರೆದ ದಿನ ಅನ್ನಾಳ ಹಾಡಿನಲ್ಲಿ ಯಾರಿಗೂ ಬೈಗುಳವಿರಲಿಲ್ಲ. ಈಗ ಇದೆ. ಆಡಳಿತ ಮಂಡಳಿಯ ಒಬ್ಬೊಬ್ಬರಿಗೂ ಒಂದೊಂದು ಪದ ಕಟ್ಟಿದ್ದಾಳೆ, ನಿಮ್ಮದು ಎಲ್ಲಕ್ಕಿಂತ ಉದ್ದ. ರಾಗ ಅದೇ, ಮದುವೆಯದು.

ಇಂತಿ,
ಪಕ್ಕದ ಸೀಟಿನಲ್ಲಿ ಹೆಂಡತಿಯ ಬದಲು ಖಾಲಿ ಫ್ಲಾಸ್ಕ್ ಇಟ್ಟುಕೊಂಡು ನಿಮ್ಮ ಪಂದ್ಯ ನೋಡುತ್ತಿರುವ,
ಎಲಿಯಾಸ್
ತೆಂಗಿನಕಾಯಿ ವ್ಯಾಪಾರಿ, ಟೂಟಿಂಗ್