ಬೆಡ್‌ಶೀಟಿನ ಮೇಲೆ ಕೂತ ನಡುಗಡಲಿನ ಹಕ್ಕಿ

ಪ್ರೀತಿಯ ಅತ್ತಿಗೆ,

ಈ ಕಡಲೂರಿನ ಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುವುದೇ ಅರ್ಧ ಕೆಲಸ. ಉಳಿದರ್ಧ, ಲಾಂಡ್ರಿಯ ತಾರಸಿಯಲ್ಲಿ ಒಣಹಾಕಿದ ಹೋಟೆಲಿನ ಬೆಡ್‌ಶೀಟುಗಳ ಮೇಲೆ ಹಕ್ಕಿ ಕೂರದಂತೆ ಕೋಲು ಹಿಡಿದು ಓಡಿಸುವುದು.

ಮೊನ್ನೆ ಬಿರುಗಾಳಿ ನಿಂತ ಮೇಲೆ, ತಾರಸಿಯ ಗೋಡೆಯ ಮೇಲೆ ಹರವಿದ್ದ ಶೀಟಿನ ಮೇಲೆ ಒಂದು ಹಕ್ಕಿ ಬಂದು ಕುಸಿದು ಕೂತಿತು. ಬೆನ್ನು ಕಾಗೆಯಂತೆ ಕಪ್ಪು, ಎದೆ ಹೊಟ್ಟೆಯೆಲ್ಲ ಬಿಳುಪು. ಕೋಲೆತ್ತಿದರೂ ಕದಲಲಿಲ್ಲ. ಪಕ್ಕದ ತಾರಸಿಯಲ್ಲಿ ದುರ್ಬೀನು ಹಿಡಿದಿದ್ದವರೊಬ್ಬರು, "ಅದು ನಡುಗಡಲಿನ ಹಕ್ಕಿ ಕಣಮ್ಮ, ಈ ಕಡೆ ಕಾಣಿಸೋದೇ ಅಪರೂಪ. ಈಗ ಎಬ್ಬಿಸಿದ್ರೆ ಸತ್ತೇಹೋಗುತ್ತೆ" ಎಂದರು. ನಾನು ಕೋಲು ಕೆಳಗಿಟ್ಟೆ.

ಅಷ್ಟರಲ್ಲಿ ಮೇಲ್ವಿಚಾರಕಿ ಬಂದರು. "ಹಕ್ಕಿ ಓಡಿಸೋಕೆ ಸಂಬಳ ತಗೊಂಡು ಹಕ್ಕಿ ಕಾಯ್ತಾ ನಿಂತಿದೀಯಾ? ಅದನ್ನ ಓಡಿಸ್ತೀಯೋ, ನೀನೇ ಮನೆಗೆ ಹೋಗ್ತೀಯೋ?"

ಕಾಗೆ ಬೆಳ್ಳಗಾದ ದಿನ ನಾನು ಬಾಯಿ ಬಿಡುತ್ತೇನೆ ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ಅವತ್ತು ಬಿಟ್ಟೆ. "ಸುಸ್ತಾಗಿ ಬಂದಿದೆ ಮೇಡಂ, ಸ್ವಲ್ಪ ಕೂತ್ಕೊಳ್ಳಲಿ. ಆ ಶೀಟು ನಾನೇ ಮತ್ತೆ ಒಗೀತೀನಿ" ಎಂದೆ. ಅವರು ನನ್ನನ್ನೂ ಹಕ್ಕಿಯನ್ನೂ ನೋಡಿ, ಮೆಟ್ಟಿಲಿಳಿದು ಹೋದರು. ಸಂಜೆ ಅದು ಕಡಲ ಕಡೆ ಹಾರಿತು. ಶೀಟು ಒಗೆದು ಹಾಕಿದೆ.

ಕೆಮ್ಮು ವಾಸಿಯಾಗಿದೆ, ಅಣ್ಣನಿಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯುತ್ತಿದೆ, ಇದೊಂದು ಬರೆದುಬಿಡುತ್ತೇನೆ. ಇವತ್ತು ಬೆಳಿಗ್ಗೆ ಕೋಲು ಕೈಗೆ ಕೊಡುವಾಗ ಮೇಡಂ, "ಇವತ್ತೂ ನಿನ್ನ ನೆಂಟರು ಯಾರಾದ್ರೂ ಬರ್ತಾರೇನೇ?" ಎಂದು ಕೇಳಿದರು.

ನಿನ್ನ ನಾದಿನಿ