ಚಪ್ಪಲಿ ಬಿಟ್ಟ ಹೆಣ

ಜಗಳೂರು ತಾಲೂಕು,
16-11-2025, ಭಾನುವಾರ

ನನ್ನ ಮುದ್ದು ರಕ್ಷಾಗೆ ನಿಮ್ಮವ್ವ ಸುಂಕಲಮ್ಮ ಮಾಡೋ ಆಶೀರ್ವಾದ.

ಇಲ್ಲಿ ಎಲ್ಲಾ ಆರಾಮ ಐತೆ. ಬರಿಯಾಕೆ ತಡ ಆತು, ಬೈಬ್ಯಾಡ. ಅಂಗನವಾಡಿನಾಗೆ ಮಕ್ಕಳ ತೂಕ ಬರಕೊಳ್ಳೋದೇ ಮುಗೀಲಿಲ್ಲ. ಫೋನ್ ಮಾಡ್ಬೋದಿತ್ತು, ಆದ್ರೆ ನಾನು ಫೋನ್ ಹಿಡಿದ್ರೆ ಸಾಕು, ನಿಮ್ಮಪ್ಪ ಪಕ್ಕದಾಗೆ ಬಂದು ಕಿವಿ ಕೊಟ್ಕಂಡು ಕುಂದ್ರತಾನೆ. ನೀನು ಆತನ ಕೂಡ ಮಾತು ಬಿಟ್ಟು ಎರಡು ತಿಂಗಳಾತು. ಹೊನ್ನಾಳಿ ಬಾಡಿಗೆ ಮನೇಲಿ ಹಾಲು ಉಕ್ಕಿಸಿದ ದಿನ, ಎಷ್ಟು ಕರೆದ್ರೂ ಒಳಗೆ ಬರದಂಗೆ ಬಾಗಿಲಾಚೆ ನಿಂತು, ನಿಮ್ಮ ಬ್ಯಾಂಕಿನೋರ ಮುಂದೆ ಮರ್ಯಾದೆ ತೆಗೆದ ಅಂತ ನಿನ್ನ ಸಿಟ್ಟು. ಇರ್ಲಿ, ಮೊದ್ಲು ಸಿನಿಮಾ ಸುದ್ದಿ ಕೇಳು.

ಬೇಸಿಗೆನಾಗೆ ನಮ್ಮೂರಾಗೆ ತೆಗೆದ್ರಲ್ಲ ಜೋಂಬಿ ಸಿನಿಮಾ, ಸತ್ತೋರು ಎದ್ದು ಬಂದು ಬದುಕಿರೋರ್ನ ಕಚ್ಚೋದು, ಅದು ಬಿಡುಗಡೆ ಆತು. ನಮ್ಮ ಕೇರಿಯೋರೇ ನಲವತ್ತು ಹೆಣ! ನಿಮ್ಮಪ್ಪನ ಮುಖಕ್ಕೆ ಬೂದಿ ಬಣ್ಣ ಬಳಿದು ಹಲ್ಲಿಗೆ ಕೆಂಪು ಹಚ್ಚಿದಾಗ, "ಈಗ ನೋಡು ಲಕ್ಷಣವಾಗಿ ಕಾಣ್ತೀಯ" ಅಂತ ಛೇಡಿಸಿದ್ದೆ.

ಕಲ್ಲೇಶಪ್ಪ ಗೌಡ್ರ ಮನೆಗೆ ಹೆಣಗಳೆಲ್ಲ ಒಮ್ಮೆಗೇ ನುಗ್ಗಬೇಕಿತ್ತು. ಡೈರೆಕ್ಟರ್ ಕೂಗಿದ್ರು, ಹುಡುಗ್ರೆಲ್ಲ ನುಗ್ಗಿದ್ರು. ನಿಮ್ಮಪ್ಪ ಮೆಟ್ಟಿಲ ಹತ್ರ ಹೋಗಿ ಚಪ್ಪಲಿ ಬಿಟ್ಟು, ಹೊಸ್ತಿಲ ಮುಂದೆ ತಲೆ ತಗ್ಗಿಸಿ ನಿಂತ! ಕಚ್ಚಾಕೆ ಬಂದ ಹೆಣ ಚಪ್ಪಲಿ ಬಿಡ್ತದೇನೇ? ಊರೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಅದನ್ನ ಕತ್ತರಿಸಿ ಬಿಸಾಕ್ತಾರೆ ಅಂತ ನಾನೂ ಅಂದ್ಕಂಡಿದ್ದೆ.

ದಾವಣಗೆರೆಗೆ ಹೋಗಿ ನೋಡಿದ್ವಿ. ಅಬ್ಬಬ್ಬಾ, ರಕ್ಷಾ! ಪರದೆ ತುಂಬ ನಿಮ್ಮಪ್ಪನ ಒಡೆದ ಹಿಮ್ಮಡಿ. ಆಮೇಲೆ ಆ ಕಣ್ಣು, ಮನೆಯೊಳಗೆ ನೋಡ್ತಾ ಅಲ್ಲಾಡದಂಗೆ ನಿಂತಿದ್ದು. ಅಲ್ಲೀವರೆಗೂ ಸಿಳ್ಳೆ ಹೊಡೀತಿದ್ದ ಟಾಕೀಸು ಗಪ್‌ಚುಪ್. ಇಷ್ಟು ವರ್ಷ ಸಂಸಾರ ಮಾಡಿದ ಗಂಡ, ಈತ ಯಾರೋ ಅನ್ನಿಸ್ತು ನಂಗೆ.

ವಿಮರ್ಶೆ ಬರೆಯೋರು ಸಿನಿಮಾನ ಹಿಗ್ಗಾಮುಗ್ಗಾ ಜಾಡಿಸವ್ರೆ. ಪಕ್ಕದ್ಮನೆ ಪವಿತ್ರ ಮೊಬೈಲ್‌ನಾಗೆ ಓದಿ ಹೇಳಿದ್ಲು. ಒಬ್ಬಾತ ಐದರಾಗೆ ಒಂದೂವರೆ ನಕ್ಷತ್ರ ಕೊಟ್ಟು, "ಹೆಣಗಳಿಗಿರೋ ಜೀವ ಕಥೆಗಿಲ್ಲ" ಅಂದವ್ನೆ. ಆದ್ರೆ ಒಬ್ರೂ ಬಿಡದಂಗೆ ಎಲ್ರೂ ನಿಮ್ಮಪ್ಪನ ಬಗ್ಗೆ ಬರೆದವ್ರೆ! "ಹಸಿವು ಎಲ್ಲಾ ಮರೆಸಿದರೂ ದೇಹ ಹೊಸ್ತಿಲನ್ನು ಮರೆಯಲಿಲ್ಲ. ಹೆಸರು ಗೊತ್ತಿಲ್ಲದ ಆ ಹಿರಿಯ ಕಲಾವಿದರಿಗೆ ಕೈ ಮುಗಿಯುತ್ತೇನೆ" ಅಂತ ಒಬ್ಬಾಕೆ. ಹೆಸರು ಗೊತ್ತಿಲ್ಲಂತೆ! ಚಿಕ್ಕಹನುಮಂತಪ್ಪ ಅಂತ ಕೂಗಿ ಹೇಳಬೇಕು ಅನ್ನಿಸ್ತು ನಂಗೆ. ಚನ್ನಗಿರಿಯಿಂದ ನಿಮ್ಮ ಚಿಕ್ಕಮ್ಮ ಫೋನ್ ಮಾಡಿ ಅತ್ಲು. ನಿಮ್ಮಪ್ಪ ಮಾತ್ರ ಆಕೆ ಬರೆದಿದ್ದನ್ನ ನಾಕು ಸಲ ಓದಿಸಿ ಕೇಳಿ, ಕುರಿಗೆ ನೀರು ಇಡಾಕೆ ಎದ್ದು ಹೋದ.

ಹೊತ್ತೊತ್ತಿಗೆ ಊಟ ಮಾಡು. ನೂರು ಕಾಲ ಚೆನ್ನಾಗಿರು ನನ್ನವ್ವ.

ನಿಮ್ಮವ್ವ,
ಸುಂಕಲಮ್ಮ

ತಾ.ಕ.: ಇದನ್ನ ಬರೆಯೋದೋ ಬ್ಯಾಡೋ ಅಂತಲೇ ಇಷ್ಟು ದಿನ ತಡ ಮಾಡ್ದೆ. ಹೋದ ವಾರ ನಿಮ್ಮಪ್ಪ ಬಾಯಿ ಬಿಟ್ಟ. "ಅದು ನಟನೆ ಅಲ್ಲ ಕಣೇ. ಮೂವತ್ತು ವರ್ಷ ಆ ಮನೆಗೆ ಶೇಂಗಾ ಮೂಟೆ ಹೊತ್ತೀನಿ. ಮೂಟೆ ಮೆಟ್ಟಿಲ ಮ್ಯಾಲೆ, ನಾನು ಕೆಳಗೆ. ಸಿನಿಮಾದೋರು ಬರೋತನಕ ನಮ್ಮೋರು ಯಾರೂ ಆ ಹೊಸ್ತಿಲು ದಾಟಿದ್ದಿಲ್ಲ. ಅವತ್ತು ಗೌಡ್ರೇ 'ಹೋಗೋ ಒಳಗೆ' ಅಂದ್ರು, ಕಾಲೇ ಏಳಲಿಲ್ಲ. ಸತ್ತೋನ ಪಾತ್ರದಾಗೂ ಏಳಲಿಲ್ಲ" ಅಂದ. ಹೊನ್ನಾಳಿನಾಗೆ ನಿನ್ನ ಬಾಗಿಲಿಗೆ ಬಂದಾಗ್ಲೂ ಹಂಗೇ ಆತಂತೆ, ಒಳಗೆ ದೊಡ್ಡ ಮಂದಿ ಕುಂತಿದ್ದು ಕಂಡು. ಮಗಳ ಮನೆ ಅಂತ ಕಾಲಿಗೆ ಗೊತ್ತಾಗಲಿಲ್ಲ ಅಂತ ಅತ್ತ, ರಕ್ಷಾ. ಬರೋ ಭಾನುವಾರ ಬೆಳಿಗ್ಗೆ ಬಸ್ಸಿಗೆ ಕರ್ಕಂಡು ಬರ್ತೀನಿ. ಒಳಗೆ ನಿಂತು "ಬಾಪ್ಪಾ" ಅನ್ನಬ್ಯಾಡ. ನೀನೇ ಹೊರಗೆ ಬಂದು ಕೈ ಹಿಡ್ಕ.